‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ಕ್ಷಮೆಯ ಸ್ವರೂಪ

ತಪ್ಪು ಮಾಡಿದವನು ಅದನ್ನು ಒಪ್ಪಿಕೊಳ್ಳುವುದೂ ಅದಕ್ಕಾಗಿ ಪಶ್ಚಾತ್ತಾಪಪಡುವುದೂ ಒಂದೇ ಎಂದು ಲೋಕವ್ಯವಹಾರದಲ್ಲಿ ಭಾವಿಸುವುದುಂಟು. ಕ್ರೈಸ್ತ ಜೀವನದೃಷ್ಟಿಯಲ್ಲಿ ಇವೆರಡೂ ಬೇರೆ ಬೇರೆ. ಒಪ್ಪಿಗೆ ನಾಲಗೆಯ ಕೆಲಸ. ಪಶ್ಚಾತ್ತಾಪವಾದರೋ, ಹೊಸ ಒಡಂಬಡಿಕೆಯ ಮೂಲ ಗ್ರೀಕ್ ಶಬ್ದವು ಸೂಚಿಸುವಂತೆ, ಮನಸ್ಸೇ ಮಾರ್ಪಡುವುದು. ಈ ಎರಡರ ನಡುವಣ ದೂರವನ್ನು ಅಳೆದು ತೋರಿಸಿದ ಕೃತಿಗಳಲ್ಲಿ, 1866ರಲ್ಲಿ ಮಾಸ್ಕೋದ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಪ್ರಕಟವಾದ ದೊಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ ಮುಖ್ಯವಾದುದು.

ಕಥೆ ಸುಪರಿಚಿತವೇ. ಪೀಟರ್ಸ್‌ಬರ್ಗಿನ ಬಡ ವಿದ್ಯಾರ್ಥಿ ರಸ್ಕೋಲ್ನಿಕೋವ್, ಅಸಾಮಾನ್ಯರಿಗೆ ಧರ್ಮದ ಮೇರೆಯನ್ನು ದಾಟುವ ಅಧಿಕಾರವುಂಟೆಂಬ ಸಿದ್ಧಾಂತಕ್ಕೆ ಮರುಳಾಗಿ, ಗಿರವಿ ಹಿಡಿದು ಸಾಲ ಕೊಡುವ ಮುದುಕಿಯೊಬ್ಬಳನ್ನು ಕೊಡಲಿಯಿಂದ ಕೊಲ್ಲುತ್ತಾನೆ. ಅನಿರೀಕ್ಷಿತವಾಗಿ ಒಳಗೆ ಬಂದ ಅವಳ ಮಲತಂಗಿ ಲಿಜವೇತಳೂ ಅದೇ ಕೊಡಲಿಗೆ ಬಲಿಯಾಗುತ್ತಾಳೆ. ಮನೆಯವರ ಹೊಟ್ಟೆಗಾಗಿ ಮೈಮಾರಿಕೊಂಡ ಸೋನ್ಯಳ ಮಾತಿನಂತೆ ಅವನು ಬೀದಿಗಳು ಕೂಡುವಲ್ಲಿ ಮೊಣಕಾಲೂರಿ ನೆಲಕ್ಕೆ ಮುತ್ತಿಟ್ಟು, ಪೋಲೀಸ್ ಠಾಣೆಯಲ್ಲಿ ತಪ್ಪೊಪ್ಪಿಕೊಂಡು, 8 ವರ್ಷಗಳ ಸೈಬೀರಿಯಾ ಶಿಕ್ಷೆಗೆ ಗುರಿಯಾಗುತ್ತಾನೆ.

ಕಾದಂಬರಿಯ ಉಪಸಂಹಾರದ ಬಗೆಗೆ ವಿಮರ್ಶಕರ ಆಕ್ಷೇಪ ಹಳೆಯದು. ಸೆರೆಮನೆಯಲ್ಲಿ ನಾಯಕನಿಗೊದಗುವ ಹೃದಯಪರಿವರ್ತನೆ ಹಠಾತ್ತಾದುದು, ಕಥೆಯೊಳಗಿನಿಂದ ಬೆಳೆದುದಲ್ಲ, ಧರ್ಮಶ್ರದ್ಧೆಗಾಗಿ ಹೊರಗಿನಿಂದ ತಂದು ಅಂಟಿಸಿದುದು ಎಂಬುದು ಅದರ ಸಾರ. ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ತಪ್ಪೊಪ್ಪಿಕೊಂಡ ಮೇಲೂ ರಸ್ಕೋಲ್ನಿಕೋವನಲ್ಲಿ ಪಶ್ಚಾತ್ತಾಪ ಹುಟ್ಟುವುದಿಲ್ಲ. ಅವನನ್ನು ಕಾಡುವುದು ಕೊಂದೆನೆಂಬ ದುಃಖವಲ್ಲ. ಕೊಂದು ಅರಗಿಸಿಕೊಳ್ಳಲಾರದೆ ಹೋದೆನೆಂಬ ಅವಮಾನ. ಅಂಥವನು ಒಂದು ಮುಂಜಾನೆ ನದೀತೀರದಲ್ಲಿ ಸೋನ್ಯಳ ಪಾದದೆಡೆಯಲ್ಲಿ ಕುಸಿದು ಅಳುವುದು ಹೇಗೆ?

ಈ ಪ್ರಶ್ನೆಗೆ ಉತ್ತರವನ್ನು ಉಪಸಂಹಾರದಲ್ಲಿ ಮಾತ್ರ ಹುಡುಕಿದರೆ ದೊರೆಯಲಾರದು. ಕೃತಿಯುದ್ದಕ್ಕೂ ಮೌನವಾಗಿ ಹಾದುಬರುವ ಲಿಜವೇತಳ ಪಾತ್ರದಲ್ಲಿ ಅದು ಅಡಗಿದೆ. ಮುದುಕಿಯ ವಿಷಯದಲ್ಲಿ ರಸ್ಕೋಲ್ನಿಕೋವನ ಬಳಿ ವಾದವುಂಟು: ಅವಳು ಪರರ ರಕ್ತ ಹೀರಿದವಳು, ಸತ್ತರೆ ಲೋಕಕ್ಕೆ ಲಾಭ. ಲಿಜವೇತಳ ವಿಷಯದಲ್ಲಿ ಯಾವ ವಾದವೂ ಇಲ್ಲ. ಆದುದರಿಂದಲೇ ಅವನು ಅವಳನ್ನು ಮರೆಯುತ್ತಾನೆ. ಮರೆತದ್ದಕ್ಕೆ ಒಮ್ಮೆ ತಾನೇ ಬೆರಗಾಗುತ್ತಾನೆ. ಅವನು ಮರೆತವಳನ್ನು ಕಾದಂಬರಿಕಾರ ಮರೆಯುವುದಿಲ್ಲ. ಸೋನ್ಯ ಅವನಿಗೆ ಲಾಜರನು ಸತ್ತು ಎದ್ದ ಪ್ರಸಂಗವನ್ನು ಓದಿ ಹೇಳುವ ಪುಸ್ತಕ ಲಿಜವೇತ ತಂದುಕೊಟ್ಟದ್ದು. ಸೋನ್ಯ ಅವನಿಗೆ ತನ್ನ ಮರದ ಶಿಲುಬೆಯನ್ನು ಕೊಟ್ಟು, ತಾನು ಧರಿಸುವ ತಾಮ್ರದ ಶಿಲುಬೆ ಲಿಜವೇತಳದ್ದು. ತನ್ನ ಕೃತ್ಯವನ್ನು ಸೋನ್ಯಳಿಗೆ ತಿಳಿಸುವ ಗಳಿಗೆಯಲ್ಲಿ ಅವಳ ಮುಖದಲ್ಲಿ ಅವನಿಗೆ ಕಾಣುವುದು, ಕೊಡಲಿಯ ಮುಂದೆ ಮಗುವಿನಂತೆ ಹೆದರಿ ಹಿಂದೆ ಸರಿದ ಲಿಜವೇತಳ ಮುಖ. ಕೊನೆಗೆ ಸೆರೆಮನೆಯಲ್ಲಿ ಅವನ ತಲೆದಿಂಬಿನಡಿ ಇರುವುದೂ ಅದೇ ಪುಸ್ತಕ.

ಇಷ್ಟನ್ನು ಗಮನಿಸಿದ ಓದುಗನಿಗೆ ಉಪಸಂಹಾರ ಅಂಟಿಸಿದಂತೆ ತೋರದು. ಸತ್ತವರು ಕ್ಷಮಿಸಲಾರರು, ಅವರ ಪರವಾಗಿ ಕ್ಷಮಿಸುವ ಹಕ್ಕು ಬದುಕಿರುವ ಯಾರಿಗೂ ಇಲ್ಲ ಎಂಬುದು ಪಾಪಪ್ರಜ್ಞೆಯ ಅತ್ಯಂತ ಕಠಿನವಾದ ಗಂಟು. ದೊಸ್ತೊಯೆವ್‌ಸ್ಕಿ ಅದನ್ನು ವಾದದಿಂದ ಬಿಚ್ಚುವುದಿಲ್ಲ. ಸೋನ್ಯಳ ಬಾಯಲ್ಲಿ ಲಿಜವೇತಳ ಹೆಸರಿನಲ್ಲಿ ಕ್ಷಮೆಯ ಮಾತನ್ನು ಆಡಿಸುವುದೂ ಇಲ್ಲ. ಕೊಲೆಯಾದವಳ ಗೆಳತಿ ಕೊಂದವನ ಜೊತೆಗೆ ಸೈಬೀರಿಯಾಕ್ಕೆ ಹೊರಡುತ್ತಾಳೆ. ಕೊಲೆಯಾದವಳ ಪುಸ್ತಕ ಅವರೊಂದಿಗೆ ಬರುತ್ತದೆ. ಅವನಲ್ಲಿ ಪಶ್ಚಾತ್ತಾಪ ಹುಟ್ಟುವ ಮೊದಲೇ ಕರುಣೆ ಅವನ ಬಾಗಿಲಲ್ಲಿ ಕಾದು ನಿಂತಿದೆ. ಪಶ್ಚಾತ್ತಾಪ ಕ್ಷಮೆಗೆ ತೆರುವ ಬೆಲೆಯಲ್ಲ, ಕ್ಷಮೆಯನ್ನು ಕಂಡುದರ ಫಲ ಎಂಬ ಕ್ರೈಸ್ತ ತತ್ತ್ವ ಇಲ್ಲಿ ಉಪದೇಶವಾಗದೆ ಕಥನವಾಗಿದೆ.

ಇದು ಗ್ರಂಥಕರ್ತನ ಅನುಭವಕ್ಕೂ ಹೊರತಾದುದಲ್ಲ. ರಾಜದ್ರೋಹದ ಆರೋಪದ ಮೇಲೆ ಓಮ್‌ಸ್ಕ್‌ನ ಸೆರೆಗೆ ಸಾಗುತ್ತಿದ್ದಾಗ, 1850ರಲ್ಲಿ, ತೊಬೋಲ್‌ಸ್ಕ್‌ನಲ್ಲಿ ಡಿಸೆಂಬ್ರಿಸ್ಟ್ ಬಂಡಾಯಗಾರರ ಪತ್ನಿಯರು ಅವನಿಗೊಂದು ಹೊಸ ಒಡಂಬಡಿಕೆಯನ್ನು ಕೊಟ್ಟರು. ಅದನ್ನು ಅವನು ಸಾಯುವವರೆಗೂ ಜೋಪಾನ ಮಾಡಿದನು. ಗಂಡಂದಿರ ಶಿಕ್ಷೆಯನ್ನು ಹಂಚಿಕೊಳ್ಳಲು ತಾವಾಗಿ ಸೈಬೀರಿಯಾಕ್ಕೆ ಬಂದ ಆ ಸ್ತ್ರೀಯರ ಛಾಯೆ ಸೋನ್ಯಳಲ್ಲಿದೆಯೆಂದರೆ ಅತಿಶಯೋಕ್ತಿಯಾಗದು.

ಆದರೂ ಒಂದು ಕೊರತೆ ಉಳಿಯುತ್ತದೆ. ಲಿಜವೇತಳಿಗೆ ಕೃತಿಯಲ್ಲಿ ಸ್ವಂತ ಮಾತು ಬಲು ಕಡಮೆ. ಅವಳು ತನಗಾಗಿ ಬದುಕಿದವಳೆಂಬುದಕ್ಕಿಂತ, ಕೊಂದವನ ಉದ್ಧಾರಕ್ಕೆ ಒದಗಿದವಳೆಂಬ ಭಾವನೆಗೆ ಎಡೆಯುಂಟು. ಇದನ್ನು ದೋಷವೆಂದು ಎಣಿಸುವವರನ್ನು ತಪ್ಪುಗಾರರೆನ್ನಲಾಗದು. ಹಾಗೆಂದು ಕ್ಷಮೆಯನ್ನು ಕಾದಂಬರಿಕಾರ ಅಗ್ಗವಾಗಿಸಿಲ್ಲವೆಂಬುದನ್ನೂ ಒಪ್ಪಬೇಕು. ಮನಸ್ಸು ಮಾರ್ಪಟ್ಟ ಮೇಲೂ ರಸ್ಕೋಲ್ನಿಕೋವನ ಸಂಕೋಲೆ ಕಳಚುವುದಿಲ್ಲ. ಇನ್ನೂ 7 ವರ್ಷಗಳ ಶಿಕ್ಷೆ ಬಾಕಿಯಿದೆ.

ಕನ್ನಡದ ‘ಮನ್ನಿಸು’ ಎಂಬ ಮಾತಿಗೆ ಕ್ಷಮಿಸು ಎಂಬಂತೆಯೇ ಗೌರವಿಸು ಎಂಬ ಅರ್ಥವೂ ಉಂಟು. ಸೋನ್ಯ ಮಾಡುವುದು ಈ ಎರಡನ್ನೂ. ತಪ್ಪನ್ನು ತಪ್ಪೆಂದೇ ಹೇಳುತ್ತಾಳೆ. ತಪ್ಪಿದವನನ್ನು ಮನುಷ್ಯನೆಂದು ಮನ್ನಿಸುತ್ತಾಳೆ. ಕಾದಂಬರಿಯ ಬಾಳಿಕೆ ನಿಂತಿರುವುದು ಈ ಮನ್ನಣೆಯ ಮೇಲೆ.