ನಳಿಕೆಯ ಆಹಾರ: ಅವಧಿ ಗೊತ್ತುಪಡಿಸದ ಚಿಕಿತ್ಸೆ

ಬಾಯಿಂದ ನುಂಗಲಾಗದ ರೋಗಿಯ ಜಠರಕ್ಕೆ ನಳಿಕೆಯ ಮೂಲಕ ದ್ರವಾಹಾರ ಕೊಡುವ ಪದ್ಧತಿ ಹೊಟ್ಟೆಗೆ ಅನ್ನವನ್ನು ತಲುಪಿಸುತ್ತದೆ ಎಂಬುದರಲ್ಲಿ ವಿವಾದವಿಲ್ಲ. ಯಾವ ಚೇತರಿಕೆಯನ್ನು ನಿರೀಕ್ಷಿಸಿ, ಎಷ್ಟು ಕಾಲಕ್ಕೆಂದು ಅದನ್ನು ಹಾಕಲಾಗುತ್ತದೆ ಎಂಬುದರ ಮೇಲೆಯೇ ಅದರ ಗುಣದೋಷಗಳನ್ನು ತೂಗಬೇಕಾಗುತ್ತದೆ. ಮೂಗಿನಿಂದ ಅನ್ನನಾಳದ ಮೂಲಕ ಇಳಿಸುವ ತೆಳುವಾದ ನಳಿಕೆಯನ್ನು, ಬ್ರಿಟಿಷ್ ವೈದ್ಯ ಜಾನ್ ರೈಲ್ ಅವರ ಹೆಸರಿನಿಂದ, ಭಾರತದ ಆಸ್ಪತ್ರೆಗಳಲ್ಲಿ ಇಂದಿಗೂ ರೈಲ್ಸ್ ಟ್ಯೂಬ್ ಎನ್ನುತ್ತಾರೆ. ತಿಂಗಳುಗಟ್ಟಲೆ ಬೇಕಾದಾಗ, ಎಂಡೋಸ್ಕೋಪಿನ ನೆರವಿನಿಂದ ಹೊಟ್ಟೆಯ ಗೋಡೆಯಲ್ಲಿ ಚಿಕ್ಕ ರಂಧ್ರ ಮಾಡಿ ನೇರವಾಗಿ ಜಠರಕ್ಕೆ ಕೂರಿಸುವ ನಳಿಕೆಯೇ ಪೆಗ್.

ಪಾರ್ಶ್ವವಾಯು ಬಡಿದವರ ವಿಷಯದಲ್ಲಿ ಈ ಪದ್ಧತಿಯ ಪರವಾದ ವಾದ ಗಟ್ಟಿಯಾಗಿದೆ, ಏಕೆಂದರೆ ಅವರಲ್ಲಿ ಅನೇಕರಿಗೆ ಕೆಲವೇ ವಾರಗಳಲ್ಲಿ ನುಂಗುವ ಶಕ್ತಿ ಮರಳುತ್ತದೆ ಮತ್ತು ಅಲ್ಲಿಯವರೆಗೆ ದೇಹ ಸೊರಗದಂತೆ ಕಾಯಬೇಕಾಗುತ್ತದೆ. ಆದರೂ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ, 'ಫುಡ್' ಎಂಬ ಹೆಸರಿನ ಬಹುರಾಷ್ಟ್ರೀಯ ಅಧ್ಯಯನದ ಫಲಿತಾಂಶ ಉತ್ಸಾಹಕ್ಕೆ ಕಡಿವಾಣ ಹಾಕುವಂಥದ್ದು: 859 ರೋಗಿಗಳಲ್ಲಿ ಬೇಗನೆ ನಳಿಕೆ ಹಾಕಿಸಿಕೊಂಡವರ ಸಾವಿನ ಪ್ರಮಾಣ ಶೇಕಡಾ 5.8 ಅಂಶಗಳಷ್ಟು ಕಡಿಮೆ ಕಂಡಿತಾದರೂ, ಅದು ಕೇವಲ ಆಕಸ್ಮಿಕವಲ್ಲವೆಂದು ಹೇಳುವಷ್ಟು ಖಚಿತವಾಗಿರಲಿಲ್ಲ. ಮೂಗಿನ ನಳಿಕೆಯನ್ನೂ ಪೆಗ್ ಅನ್ನೂ 321 ಜನರಲ್ಲಿ ಹೋಲಿಸಿದಾಗ ಸಾವು ಅಥವಾ ತೀವ್ರ ಪರಾವಲಂಬನೆ ಪೆಗ್ ಪಡೆದವರಲ್ಲೇ 7.8 ಅಂಶ ಹೆಚ್ಚಿತ್ತು. ಆರಂಭದ ವಾರಗಳಲ್ಲಿ ಮೂಗಿನ ನಳಿಕೆಯೇ ಲೇಸೆಂಬ ವಿವೇಕಕ್ಕೆ ಇದು ಆಧಾರವಾಯಿತು.

ಪದ್ಧತಿಯ ನಿಜವಾದ ಪರೀಕ್ಷೆ ನಡೆಯುವುದು ರೋಗಿ ಮನೆಗೆ ಬಂದ ಮೇಲೆ. ರಾಗಿ ಗಂಜಿ, ಬೇಳೆಯ ಕಟ್ಟು, ಮಜ್ಜಿಗೆ ಮೊದಲಾದವನ್ನು ಬಟ್ಟೆಯಲ್ಲಿ ಸೋಸಿ, ದೊಡ್ಡ ಸಿರಿಂಜಿನ ಒಳದಂಡವನ್ನು ಕಳಚಿ, ಕೊಳವೆಯನ್ನು ಎತ್ತಿ ಹಿಡಿದು, ದ್ರವ ತನ್ನ ಭಾರದಿಂದಲೇ ಇಳಿಯುವಂತೆ ಮನೆಯವರು ನಿಧಾನವಾಗಿ ಹುಯ್ಯುತ್ತಾರೆ; ಗಂಜಿ ಕೊಂಚ ಗಟ್ಟಿಯಾದರೆ ಅಥವಾ ಮಾತ್ರೆಯ ಪುಡಿ ಸರಿಯಾಗಿ ಕರಗದಿದ್ದರೆ ನಳಿಕೆ ಕಟ್ಟಿಕೊಳ್ಳುತ್ತದೆ, ತೀರಾ ತೆಳುವಾದರೆ ಹೊಟ್ಟೆ ತುಂಬಿದರೂ ಪೋಷಣೆ ಸಾಲದು. ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸದಿದ್ದರೆ ಆಹಾರ ಮೇಲಕ್ಕೆ ಬಂದು ಶ್ವಾಸಕೋಶ ಸೇರುವ ಅಪಾಯವಿದೆ. ಅದಕ್ಕಿಂತ ಗಂಭೀರವಾದದ್ದು, ನಳಿಕೆಯ ತುದಿಯೇ ಶ್ವಾಸನಾಳದಲ್ಲಿರುವ ಸಾಧ್ಯತೆ: ಗಾಳಿ ಒತ್ತಿ ಸ್ಟೆತಸ್ಕೋಪಿನಲ್ಲಿ ಸದ್ದು ಕೇಳುವ ಹಳೆಯ ಕ್ರಮ ನಂಬಲರ್ಹವಲ್ಲವೆಂದು ಗೊತ್ತಾಗಿದ್ದರೂ, ಒಳದ್ರವವನ್ನು ಎಳೆದು ಅದರ ಆಮ್ಲೀಯತೆಯನ್ನು ಪರೀಕ್ಷಿಸುವ ಅಥವಾ ಎಕ್ಸ್‌ರೇ ತೆಗೆಯುವ ಕ್ರಮಕ್ಕೆ ಬದಲು ಅದೇ ಅನೇಕ ಕಡೆ ಮುಂದುವರಿದಿರುವುದನ್ನು ಸಮರ್ಥಿಸಲಾಗದು. ಇಷ್ಟೆಲ್ಲ ಜವಾಬ್ದಾರಿಯನ್ನು, ಸಾಮಾನ್ಯವಾಗಿ ಮನೆಯ ಹೆಂಗಸರ ಮೇಲೆ, ಬಿಡುಗಡೆಯ ದಿನದ ಅವಸರದ ವಿವರಣೆಯೊಂದರಿಂದ ಹೊರಿಸುವುದು ಪದ್ಧತಿಯ ದೋಷವಲ್ಲದಿರಬಹುದು. ಅದನ್ನು ನಡೆಸುವವರ ದೋಷವಂತೂ ಹೌದು.

ಮುಂದುವರಿದ ಮರೆಗುಳಿತನದಲ್ಲಿ, ಅಂದರೆ ಡಿಮೆನ್ಷಿಯಾದ ಕೊನೆಯ ಹಂತದಲ್ಲಿ, ವಾದ ಸಡಿಲವಾಗುತ್ತದೆ. ನಳಿಕೆ ಆಯುಷ್ಯವನ್ನು ಹೆಚ್ಚಿಸುತ್ತದೆ, ನ್ಯುಮೋನಿಯಾ ತಪ್ಪಿಸುತ್ತದೆ, ಹಾಸಿಗೆ ಹುಣ್ಣನ್ನು ತಡೆಯುತ್ತದೆ ಎಂಬ ಮೂರು ನಂಬಿಕೆಗಳಿಗೂ ಆಧಾರ ಸಿಗಲಿಲ್ಲವೆಂದು ಅಮೆರಿಕದ ಫಿನುಕೇನ್ ಮತ್ತು ಸಂಗಡಿಗರು 1999ರಲ್ಲಿಯೇ ತೋರಿಸಿದರು. ಜೊಲ್ಲೂ ಜಠರದಿಂದ ಮರಳಿದ ದ್ರವವೂ ಶ್ವಾಸಕೋಶಕ್ಕೆ ಇಳಿಯುವುದನ್ನು ನಳಿಕೆ ತಡೆಯದು. ಗೊಂದಲದಲ್ಲಿರುವ ವೃದ್ಧರು ಅದನ್ನು ಕಿತ್ತೆಸೆಯದಂತೆ ಕೈಗಳನ್ನು ಮಂಚಕ್ಕೆ ಕಟ್ಟುವ ಸ್ಥಿತಿಯೂ ಬರುತ್ತದೆ. 1979ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಜೆಫ್ರಿ ಪಾನ್ಸ್ಕಿಯವರೊಂದಿಗೆ ಪೆಗ್ ಅನ್ನು ಮೊದಲು ಹಾಕಿದ ಮೈಕೆಲ್ ಗಾಡರರ್ ಮಕ್ಕಳ ಶಸ್ತ್ರವೈದ್ಯರಾಗಿದ್ದರು ಮತ್ತು ಆ ತಂತ್ರ ಹುಟ್ಟಿದ್ದು ಮಕ್ಕಳಿಗಾಗಿ. ಇಪ್ಪತ್ತು ವರ್ಷಗಳ ಬಳಿಕ, ಹಾಕುವುದು ಸುಲಭವೆಂಬ ಕಾರಣಕ್ಕೇ ಅದು ಎಲ್ಲೆ ಮೀರಿ ಬಳಕೆಯಾಗುತ್ತಿರುವ ಬಗ್ಗೆ ಅವರೇ ಆತಂಕ ವ್ಯಕ್ತಪಡಿಸಿದರು. ಅಮೆರಿಕದ ವೃದ್ಧವೈದ್ಯ ಸಂಘ ಮುಂದುವರಿದ ಡಿಮೆನ್ಷಿಯಾದ ರೋಗಿಗಳಿಗೆ ನಳಿಕೆಯ ಬದಲು, ತಾಳ್ಮೆಯಿಂದ ಕೈತುತ್ತು ಕೊಡುವುದನ್ನೇ ಶಿಫಾರಸು ಮಾಡುತ್ತದೆ. ಅದಕ್ಕೆ ತಗಲುವ ಸಮಯ ಮತ್ತು ಕೈಗಳು ವಾರ್ಡುಗಳಲ್ಲಿ ಇಲ್ಲದಿರುವುದರಿಂದ, ನಳಿಕೆ ಎಷ್ಟೋ ಸಲ ರೋಗಿಯ ಅಗತ್ಯಕ್ಕಿಂತ ಸಿಬ್ಬಂದಿಯ ಕೊರತೆಗೆ ಸಿಕ್ಕ ಪರಿಹಾರವಾಗಿರುತ್ತದೆ.

ನಳಿಕೆ ಹಾಕದಿದ್ದರೆ ಉಪವಾಸ ಕೆಡವಿದಂತೆ ಎಂಬ ಕುಟುಂಬದ ಅಳುಕನ್ನು ಅಲ್ಲಗಳೆಯುವಂತಿಲ್ಲ. ಆದರೆ ನಳಿಕೆಯೊಂದೇ ದಾರಿಯಲ್ಲ. ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿ, ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ 1973ರಿಂದ 2015ರವರೆಗೆ ಹಾಸಿಗೆ ಹಿಡಿದಿದ್ದ ನರ್ಸ್ ಅರುಣಾ ಶಾನಭಾಗರಿಗೆ ಅಲ್ಲಿಯ ದಾದಿಯರು ನುಣ್ಣಗೆ ಅರೆದ ಆಹಾರವನ್ನು ದಶಕಗಳ ಕಾಲ ಬಾಯಿಂದಲೇ ತಿನ್ನಿಸಿದ್ದರು. 2010ರ ಸೆಪ್ಟೆಂಬರಿನಲ್ಲಿ ಜ್ವರ ಬಂದ ಬಳಿಕವಷ್ಟೇ ರೈಲ್ಸ್ ಟ್ಯೂಬ್ ಮುಖ್ಯವಾಯಿತು. 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಮಾನ್ಯ ಮಾಡಿ 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿದ ಮೇಲೆ, ನಳಿಕೆ ಬೇಕೇ ಬೇಡವೇ ಎಂಬುದನ್ನು ವ್ಯಕ್ತಿ ತಾನು ಎಚ್ಚರವಿರುವಾಗಲೇ ಬರೆದಿಡಬಹುದಾಗಿದೆ. ಬರೆದಿಡದವರ ಪಾಲಿಗೆ ನಳಿಕೆ ಹಾಕುವ ದಿನವೇ ನುಂಗುವಿಕೆಯನ್ನು ಮತ್ತೆ ಪರೀಕ್ಷಿಸುವ ದಿನಾಂಕವನ್ನೂ ಕೇಸ್ ಶೀಟಿನಲ್ಲಿ ನಮೂದಿಸುವುದು ಕಷ್ಟದ ಕೆಲಸವೇನಲ್ಲ, ಖರ್ಚಿನದೂ ಅಲ್ಲ.