ಮರೆತವರು ಯಾರು? ಪ್ರೊ. ಗಣೇಶ ದೇವಿಯವರ ಕಾರ್ಯವನ್ನು ಕುರಿತು

ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ಕುಂದಗೋಳ ತಾಲೂಕಿನ ನಮ್ಮ ಕುಬಿಹಾಳಕ್ಕೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಬಂದ ಹೆಳವನು ಅಂಗಳದಲ್ಲಿ ನಿಂತು, ಅಜ್ಜನ ಅಜ್ಜನಿಂದ ಮೊದಲುಗೊಂಡು ನಮ್ಮ ವಂಶಾವಳಿಯನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಕೂಡಿಸಿಕೊಂಡು, ಜೋಳ ನೀಡಿಸಿಕೊಂಡು ಹೋಗುತ್ತಿದ್ದನು. ಮುಂದೆ ಇತಿಹಾಸದಲ್ಲಿ ಎಂ.ಎ. ಪದವಿಯನ್ನು ಪಡೆಯುವವರೆಗೆ ಶಾಸನ, ಕೈಫಿಯತ್ತು, ದಫ್ತರಗಳೇ ಆಧಾರಗಳೆಂದು ನಾವು ಕಲಿತೆವು. ಹೆಳವನ ಮಾತೂ ಆಧಾರವಾದೀತೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಪ್ರೊ. ಗಣೇಶ ದೇವಿಯವರ ಕಾರ್ಯವನ್ನು ಪರಿಶೀಲಿಸುವಾಗ ಈ ಲೋಪವನ್ನು ಮೊದಲೇ ಒಪ್ಪಿಕೊಳ್ಳುವದು ಯುಕ್ತ.

ಬಡೋದೆಯ ಮಹಾರಾಜಾ ಸಯಾಜಿರಾವ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ದೇವಿಯವರು ೧೯೯೨ರಲ್ಲಿ 'ಆಫ್ಟರ್ ಅಮ್ನೇಶಿಯಾ' ಎಂಬ ಗ್ರಂಥವನ್ನು ಪ್ರಕಟಿಸಿದರು. ಮರುವರ್ಷ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಇಂಗ್ಲಿಷ್ ಶಿಕ್ಷಣ ಪಡೆದ ವಿಮರ್ಶಕರು ಸಂಸ್ಕೃತವನ್ನೂ ಪಾಶ್ಚಾತ್ಯವನ್ನೂ ನೆಚ್ಚಿ, ನಡುವಣ ಶತಮಾನಗಳ ದೇಶಭಾಷೆಗಳ ಪರಂಪರೆಯನ್ನು ಮರೆತರೆಂಬುದು ಅದರ ವಾದ. ವಾದವೇನೋ ಬಲವಾದುದೇ. ಆದರೆ ಮರೆತವರು ಯಾರು? ಕಾಲೇಜಿನಲ್ಲಿ ಓದಿದವರು. ಹೆಳವನು ಏನನ್ನೂ ಮರೆತಿರಲಿಲ್ಲ. ಗ್ರಂಥದ ದೃಷ್ಟಿಯು ಬಹುಮಟ್ಟಿಗೆ ಅಕ್ಷರಸ್ಥರ ಸಾಹಿತ್ಯದಲ್ಲಿಯೇ ನೆಟ್ಟಿರುವದು ಅದರ ಕೊರತೆಯೆಂದು ನಮಗೆ ತೋರುತ್ತದೆ.

ಈ ಕೊರತೆಗೆ ದೇವಿಯವರು ಉತ್ತರ ಕೊಟ್ಟದ್ದು ಇನ್ನೊಂದು ಗ್ರಂಥದಿಂದಲ್ಲ. ೧೯೯೬ರಲ್ಲಿ ಅವರು ಪ್ರಾಧ್ಯಾಪಕ ಹುದ್ದೆಯನ್ನೇ ಬಿಟ್ಟರು. ಬಡೋದೆಯಲ್ಲಿ 'ಭಾಷಾ' ಎಂಬ ಸಂಶೋಧನ ಸಂಸ್ಥೆಯೂ, ತರುವಾಯ ತೇಜಗಢದಲ್ಲಿ ಆದಿವಾಸಿ ಅಕಾಡೆಮಿಯೂ ಹುಟ್ಟಿದವು. ಅಲ್ಲಿ ರಾಠವಾ, ಭಿಲ್ಲ ಮೊದಲಾದ ಜನಾಂಗಗಳ ತರುಣರೇ ವಿದ್ಯಾರ್ಥಿಗಳು, ಅವರೇ ಸಂಗ್ರಾಹಕರು. 'ಢೋಲ' ಪತ್ರಿಕೆಯು ಆದಿವಾಸಿ ಭಾಷೆಗಳಲ್ಲಿಯೇ ಹೊರಟಿತು. ಇದು ಅನ್ಯರು ಬಂದು ಅಳೆದು ಬರೆದುಕೊಂಡು ಹೋಗುವ ಹಳೆಯ ಪದ್ಧತಿಗೆ ತೀರ ಭಿನ್ನವಾದುದು. ದೇವಿಯವರ ಜೀವನದಲ್ಲಿ ನಾವು ಅತ್ಯಂತ ಬೆಲೆಯುಳ್ಳದ್ದೆಂದು ಎಣಿಸುವದು ಇದನ್ನೇ.

೧೯೯೮ರಲ್ಲಿ ಅವರು ಮಹಾಶ್ವೇತಾದೇವಿ, ಲಕ್ಷ್ಮಣ ಗಾಯಕವಾಡರೊಡನೆ ವಿಮುಕ್ತ ಜನಾಂಗಗಳ ಹಕ್ಕಿನ ಹೋರಾಟಕ್ಕೆ ಇಳಿದರು. ೧೮೭೧ರ ಶಾಸನವು 'ಅಪರಾಧಿ'ಗಳೆಂದು ಹೆಸರಿಟ್ಟ ಈ ಜನರಿಗೆ ಬಿಡುಗಡೆಯಾದದ್ದು ೧೯೫೨ರಲ್ಲಿ. ಕಳಂಕ ಮಾತ್ರ ಉಳಿಯಿತು. ಇದು ಗುಜರಾತದ ಮಾತಷ್ಟೇ ಅಲ್ಲ. ಹುಬ್ಬಳ್ಳಿಯ 'ಸೆಟ್ಲಮೆಂಟ್' ಎಂಬ ಹೆಸರನ್ನು ದಿನವೂ ಆಡುವ ನಮ್ಮವರಲ್ಲಿ, ಅಂಥ ವಸತಿಗಳಲ್ಲಿ ಜನರಿಂದ ಹಾಜರಿ ತೆಗೆದುಕೊಳ್ಳುತ್ತಿದ್ದುದನ್ನು ಎಷ್ಟು ಜನ ಬಲ್ಲರು?

೨೦೧೦ರಲ್ಲಿ ಆರಂಭವಾದ ಜನರ ಭಾಷಾ ಸಮೀಕ್ಷೆಯ ವಿಷಯದಲ್ಲಿ ನಮ್ಮ ಒಪ್ಪಿಗೆ ಅಷ್ಟು ಪೂರ್ಣವಲ್ಲ. ೧೯೬೧ರ ಜನಗಣತಿ ೧೬೫೨ ಮಾತೃಭಾಷೆಗಳನ್ನು ದಾಖಲಿಸಿತ್ತು. ೧೯೭೧ರಲ್ಲಿ ಹತ್ತು ಸಾವಿರಕ್ಕೆ ಕಡಿಮೆ ಜನರಾಡುವ ಭಾಷೆಗಳನ್ನು ಕೈಬಿಟ್ಟುದರಿಂದ ಪಟ್ಟಿ ೧೦೮ಕ್ಕೆ ಇಳಿಯಿತು. ಹೀಗೆ ಅಳಿಸಿದ ಹೆಸರುಗಳನ್ನು ಹುಡುಕಹೊರಟ ಸಮೀಕ್ಷೆಯು ೭೮೦ ಭಾಷೆಗಳನ್ನು ಗುರುತಿಸಿತು. ಭಾಷೆ ಯಾವುದು, ಉಪಭಾಷೆ ಯಾವುದು ಎಂಬ ನಿರ್ಣಯದಲ್ಲಿ ಗ್ರಿಯರ್ಸನ್ನರ ಸಮೀಕ್ಷೆಯಲ್ಲಿದ್ದ ಏಕರೂಪತೆ ಇಲ್ಲಿಲ್ಲ. ಆದರೂ ಗ್ರಿಯರ್ಸನ್ನರು ಮದ್ರಾಸು, ಹೈದರಾಬಾದು, ಮೈಸೂರುಗಳನ್ನು ಬಿಟ್ಟರು. ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಧಾರವಾಡವು ಅದರೊಳಗೆ ಬಂದಿತು. ಜನರು ತಮ್ಮ ನುಡಿಗೆ ತಾವೇ ಇಟ್ಟ ಹೆಸರು ಇತಿಹಾಸಕಾರನಿಗೆ ಸಾಕ್ಷ್ಯವೇ ಸರಿ. ನಮ್ಮ ಆಕ್ಷೇಪ ಬೇರೆ: ೭೮೦ ಎಂಬ ಸಂಖ್ಯೆ ಎಲ್ಲರ ಬಾಯಲ್ಲಿದೆ, ಸಂಪುಟಗಳನ್ನು ಬಿಚ್ಚಿದವರು ವಿರಳ.

೨೦೧೫ರ ಆಗಸ್ಟ್ ೩೦ರಂದು ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಹತ್ಯೆಯಾಯಿತು. ದೇವಿಯವರು ಅಕಾಡೆಮಿಯ ಪ್ರಶಸ್ತಿಯನ್ನು ಹಿಂದಿರುಗಿಸಿ, ೨೦೧೬ರಲ್ಲಿ ಇದೇ ಊರಿಗೆ ಬಂದು ನೆಲಸಿದರು. ಚಳವಳಿಯಿಂದ ಪಾಂಡಿತ್ಯ ಸೊರಗಿತೆಂಬ ಮಾತನ್ನು ನಾವು ಒಪ್ಪುವದಿಲ್ಲ. ಅವರ ಪಾಂಡಿತ್ಯಕ್ಕೆ ವಿಷಯ ದೊರೆತದ್ದೇ ಅಲ್ಲಿ.

ಒಂದು ತೊಡಕು ಮಾತ್ರ ಬಿಡಿಸದೆ ಉಳಿದಿದೆ. ಹೆಳವನ ನೆನಪೇ ಹೆಳವನ ಜೀವನೋಪಾಯ. ನಾವು ಅದನ್ನು ಧ್ವನಿಮುದ್ರಿಸಿ, ಅಚ್ಚುಹಾಕಿ ಗ್ರಂಥಾಲಯದಲ್ಲಿ ಇಟ್ಟರೆ, ಮುಂದಿನ ಸುಗ್ಗಿಗೆ ಅವನಿಗೆ ಜೋಳ ನೀಡುವವರು ಯಾರು? ತೇಜಗಢದ ರೀತಿಯಲ್ಲಿ ಅವನ ಮಗನೇ ಬರೆದರೂ ಈ ಪ್ರಶ್ನೆ ತಪ್ಪುವದಿಲ್ಲ. ಕುಬಿಹಾಳದಲ್ಲಿ ನಾವು ಇದನ್ನು ಒಬ್ಬ ಹಿರಿಯ ಹೆಳವನ ಮುಂದಿಟ್ಟೆವು. ಅವನು ನಕ್ಕು, ಮೊದಲು ನಮ್ಮ ಅಜ್ಜನ ಹೆಸರನ್ನು ಕೇಳಿದನು.