ನಾಲ್ಕು ಅಂಕಗಳ ಅಳತೆಗೋಲು

ನ್ಯುಮೋನಿಯಾ ಆದವರನ್ನು ಆಸ್ಪತ್ರೆಗೆ ಸೇರಿಸಬೇಕೋ, ಮನೆಯಲ್ಲೇ ಮಾತ್ರೆ ಕೊಟ್ಟು ನೋಡಬಹುದೋ ಎಂದು ತೀರ್ಮಾನಿಸಲು ವೈದ್ಯರಿಗೆ ಸಿಕ್ಕಿರುವ ಸರಳ ಸಾಧನಗಳಲ್ಲಿ ಸಿಆರ್‌ಬಿ-65 ಒಂದು. 2003ರಲ್ಲಿ ‘ಥೊರಾಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದದ್ದು. ಅದು ಕೇಳುವುದು ನಾಲ್ಕೇ: ರೋಗಿಗೆ ಹೊಸದಾಗಿ ಮತಿಗೊಂದಲವಾಗಿದೆಯೇ, ಉಸಿರಾಟ ನಿಮಿಷಕ್ಕೆ 30 ಮುಟ್ಟಿದೆಯೇ, ಬಿಪಿಯ ಮೇಲಿನ ಅಂಕಿ 90ರ ಕೆಳಗೆ ಇಲ್ಲವೇ ಕೆಳಗಿನದು 60 ಅಥವಾ ಅದಕ್ಕೂ ಕಡಿಮೆ ಇದೆಯೇ, ವಯಸ್ಸು 65 ಆಗಿದೆಯೇ. ಒಂದೊಂದಕ್ಕೆ ಒಂದು ಅಂಕ. ಸೊನ್ನೆಯಾದರೆ ಸಾಮಾನ್ಯವಾಗಿ ಮನೆ, ಮೂರೋ ನಾಲ್ಕೋ ಆದರೆ ತಡಮಾಡದೆ ಆಸ್ಪತ್ರೆ. ನಡುವಿನದ್ದು ವೈದ್ಯರ ವಿವೇಚನೆ.

ಇದಕ್ಕೆ ಲ್ಯಾಬ್ ಬೇಡ, ಎಕ್ಸ್‌ರೇ ಬೇಡ. ನ್ಯುಮೋನಿಯಾದ ತೀವ್ರತೆ ಅಳೆಯುವ ಇನ್ನೊಂದು ಸಾಧನವಾದ 1997ರ ಪಿಎಸ್‌ಐ ಲೆಕ್ಕಾಚಾರದ ಇಪ್ಪತ್ತು ಅಂಶಗಳನ್ನು ಕಲೆಹಾಕುವುದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗದ ಮಾತು. ಇದಕ್ಕಾದರೆ ಕೈಗಡಿಯಾರ, ಬಿಪಿ ಯಂತ್ರ ಸಾಕು. ಆದರೆ ಹೊರರೋಗಿಗಳ ಸಾಲು ಬಾಗಿಲಾಚೆಗೂ ಬೆಳೆದಿರುವಾಗ ಪೂರ್ತಿ ಒಂದು ನಿಮಿಷ ಎದೆಯ ಏರಿಳಿತ ಎಣಿಸುವವರು ಎಷ್ಟು ಜನ? ಅಂದಾಜಿನಲ್ಲಿ ‘20’ ಎಂದು ಬರೆದರೆ ಇಡೀ ಅಳತೆಯೇ ಸುಳ್ಳಾಗುತ್ತದೆ.

ದೊಡ್ಡ ಕೊರತೆ ಆಮ್ಲಜನಕದ್ದು. ಸ್ಯಾಚುರೇಶನ್ 88ಕ್ಕೆ ಇಳಿದ ಮೂವತ್ತರ ಯುವಕನಿಗೂ ಇದರಲ್ಲಿ ಸೊನ್ನೆ ಬರಬಹುದು. ಕೋವಿಡ್ ಬಂದುಹೋದ ಮೇಲೆ ಆಕ್ಸಿಮೀಟರ್ ಎಷ್ಟೋ ಮನೆಗಳಲ್ಲಿದೆ, ಅದನ್ನು ಬಳಸದಿರಲು ನೆಪವಿಲ್ಲ. (ಕಪ್ಪು ಮೈಬಣ್ಣದವರಲ್ಲಿ ಅದು ಇದ್ದದ್ದಕ್ಕಿಂತ ತುಸು ಹೆಚ್ಚು ತೋರಿಸುವುದುಂಟು.) ಇನ್ನು ವಯಸ್ಸು: ಎಪ್ಪತ್ತರಲ್ಲೂ ಗಟ್ಟಿಮುಟ್ಟಾಗಿರುವ ಅಜ್ಜಿಗೆ ಒಂದು ಅಂಕ ಬೀಳುತ್ತದೆ; ಸಕ್ಕರೆ ಕಾಯಿಲೆಯಿರುವ ಐವತ್ತರ ಮಗನಿಗೆ ಏನೂ ಇಲ್ಲ. ಮಕ್ಕಳಿಗಂತೂ ಈ ಲೆಕ್ಕವೇ ಸಲ್ಲದು.

ಸಾವಿನ ಅಪಾಯವನ್ನು ಅಂದಾಜಿಸಲು ಹುಟ್ಟಿದ ಅಂಕವಿದು, ಮನೆಯ ಸ್ಥಿತಿ ಇದಕ್ಕೆ ಕಾಣದು. ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಹಳ್ಳಿಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವವರು ಯಾರು? ರಾತ್ರಿ ಉಸಿರು ಕಟ್ಟಿದರೆ ನೋಡುವವರು ಯಾರು? ಇತ್ತ, ಮನೆಯಲ್ಲೇ ಗುಣವಾಗಬಲ್ಲವರನ್ನೂ ‘ಒಂದು ಗ್ಲೂಕೋಸ್ ಹಾಕಿಸಿಬಿಡಿ’ ಎಂದು ವಾರ್ಡಿಗೆ ತುಂಬುವ ನಮ್ಮ ಅಭ್ಯಾಸವೂ ಒಳ್ಳೆಯದಲ್ಲ. ಹಾಸಿಗೆ ಹಿಡಿದ ವೃದ್ಧರಿಗೆ ಆಸ್ಪತ್ರೆಯ ಸೋಂಕು ಬೇರೆ ತಗಲುತ್ತದೆ.

ಸಿಆರ್‌ಬಿ-65 ಒಳ್ಳೆಯ ಮೊದಲ ಪ್ರಶ್ನೆ, ಕೊನೆಯ ತೀರ್ಪಲ್ಲ. ಮನೆಯಲ್ಲೇ ಆರೈಕೆ ಎಂದು ನಿರ್ಧಾರವಾಗಿದ್ದರೂ ಸ್ಯಾಚುರೇಶನ್ 92ರ ಕೆಳಗಿಳಿದರೆ, ಮಾತು ತೊದಲಿದರೆ, ತುಟಿ ನೀಲಿಗಟ್ಟಿದರೆ ಅಂಕ ಎಣಿಸುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.